ಬಾಟಲಿಗೆ ತುಂಬಿದ ಮೇಲೆ ಮನೆಯ ಬಿಯರಿನ ರುಚಿ ಕೆಡುತ್ತಿರುವುದೇಕೆ?

ಫ್ರಿಸ್ಕೋ ನಿವಾಸಿ (ಟೆಕ್ಸಸ್):

ಎಲ್ಲರಿಗೂ ನಮಸ್ಕಾರ. ಜುಲೈ ತಿಂಗಳಲ್ಲಿ ಮನೆಯಲ್ಲಿ ಮಾಡಿದ ಅಮೆರಿಕನ್ ಪೇಲ್ ಏಲ್ (ಹಾಪ್ಸ್ ಹೂವಿನ ಪರಿಮಳ ಮುಂದಿರುವ ಒಂದು ಬಗೆಯ ಬಿಯರ್) ಒಂದರ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ. ಒಟ್ಟು 19 ಲೀಟರ್. ಆರಂಭದ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ, ಸಕ್ಕರೆ ಹುದುಗಿದಂತೆ ಇಳಿಯುತ್ತದೆ) 1.054, ಕೊನೆಯ ಗ್ರಾವಿಟಿ 1.012. ಯುಎಸ್-05 ಯೀಸ್ಟ್ ಹಾಕಿ 19 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹುದುಗಿಸಿದ್ದೇನೆ. ಹುದುಗುವಿಕೆ ಪೂರ್ತಿ ನಿಂತ ಮೇಲೆ 100 ಗ್ರಾಂ ಸಿಟ್ರಾ ತಳಿಯ ಹಾಪ್ಸ್ ಹಾಕಿ, ನಾಲ್ಕು ದಿನ ಬಿಟ್ಟು, ಸೈಫನ್ ಮೂಲಕ ಬಾಟ್ಲಿಂಗ್ ಬಕೆಟ್ಟಿಗೆ ಇಳಿಸಿ, ಬಾಟಲಿಯೊಳಗೆ ಅನಿಲ ಹುಟ್ಟಲೆಂದು 115 ಗ್ರಾಂ ಸಕ್ಕರೆಯನ್ನು (ಪ್ರೈಮಿಂಗ್ ಸಕ್ಕರೆ) ನೀರಿನಲ್ಲಿ ಕುದಿಸಿ ಆರಿಸಿ ಬೆರೆಸಿ, ಅದೇ ದಿನ ಬಾಟಲಿಗಳಿಗೆ ತುಂಬಿದೆ. ತುಂಬುವಾಗ ಒಂದು ಲೋಟದಷ್ಟು ರುಚಿ ನೋಡಿದ್ದೆ. ಕಿತ್ತಳೆ, ಮಾವು, ಸ್ವಲ್ಪ ಪೈನ್ ಮರದ ಪರಿಮಳ, ಎಲ್ಲವೂ ಇರಬೇಕಾದಂತೆಯೇ ಇದ್ದವು.

ಒಂದು ವಾರದ ನಂತರ ತೆರೆದ ಬಾಟಲಿಯಲ್ಲಿ ಬೆಣ್ಣೆ ಬಿಸ್ಕತ್ತಿನ ವಾಸನೆ ಬಂತು. ಮೂರು ವಾರಗಳ ನಂತರ ತೆರೆದವುಗಳಲ್ಲಿ ಆ ವಾಸನೆ ಇರಲಿಲ್ಲ. ಆದರೆ ಹಾಪ್ಸ್ ಪರಿಮಳವೂ ಇರಲಿಲ್ಲ. ಅದರ ಬದಲು ಜೇನುತುಪ್ಪದ ಸಿಹಿ ವಾಸನೆ, ಅದರ ಹಿಂದೆಯೇ ಒದ್ದೆಯಾದ ರಟ್ಟಿನ ಪೆಟ್ಟಿಗೆಯ ವಾಸನೆ ಇದ್ದವು, ಬಣ್ಣವೂ ಒಂದು ಮಟ್ಟ ಗಾಢವಾಗಿತ್ತು. ಇವುಗಳ ನಡುವೆ ಕೆಲವು ಬಾಟಲಿಗಳು ಮಾತ್ರ ತೆರೆದ ಕೂಡಲೇ ನೊರೆಯಾಗಿ ಉಕ್ಕಿ ಅರ್ಧದಷ್ಟು ಸಿಂಕಿನ ಪಾಲಾದವು, ಮತ್ತು ಉಳಿದ ಅರ್ಧದಲ್ಲಿ ಲವಂಗದ ಖಾರ ಇದ್ದು, ಬಾಯಲ್ಲಿ ನೀರಿನಷ್ಟು ತೆಳ್ಳಗಿತ್ತು. ಒಂದೇ ಬಕೆಟ್ಟಿನಿಂದ ತುಂಬಿದ ಬಿಯರ್ ಇಷ್ಟು ಬಗೆಯಲ್ಲಿ ಕೆಡಲು ಕಾರಣವೇನು ಎಂಬುದು ನನ್ನ ಪ್ರಶ್ನೆ.

ಲೀಡ್ಸ್ ಹಾಪ್ಸ್:

ಇದು ಆಕ್ಸಿಡೇಷನ್, ಅಂದರೆ ಗಾಳಿಯ ಆಮ್ಲಜನಕ ತಗುಲಿ ಕೆಟ್ಟದ್ದು, ಸರ್. ಹಾಪ್ಸ್ ಪರಿಮಳ ಹೋಗುವುದು, ಬಣ್ಣ ಕಪ್ಪಾಗುವುದು, ರಟ್ಟಿನ ವಾಸನೆ ಬರುವುದು, ಮೂರೂ ಸೇರಿದರೆ ಬೇರೆ ಏನನ್ನೂ ಹುಡುಕಬೇಕಾಗಿಲ್ಲ. ಬಾಟಲಿಯ ಗೊಡವೆ ಬಿಟ್ಟು ಒಂದು ಕೆಗ್ಗು (ಬಿಯರ್ ತುಂಬಿಡುವ ಲೋಹದ ಪೀಪಾಯಿ), ಒಂದು ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಕೊಂಡುಕೊಳ್ಳಿ. ಹಾಪ್ಸ್ ಜಾಸ್ತಿ ಹಾಕಿದ ಬಿಯರನ್ನು ನಾನು ಬಾಟಲಿಗೆ ತುಂಬುವುದನ್ನೇ ನಿಲ್ಲಿಸಿದ್ದೇನೆ.

ಲ್ಯಾಬ್ ಮೇಡಂ (ಬೆಂಗಳೂರು):

ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸದಲ್ಲಿದ್ದೇನೆ, ಆದ್ದರಿಂದ ಇಂಥ ದೂರುಗಳು ನನಗೆ ಪರಿಚಿತ. ಲೀಡ್ಸ್ ಅವರು ಹೇಳಿದ್ದರಲ್ಲಿ ಒಂದು ಭಾಗ ಖಂಡಿತ ಸರಿ ಇರಬಹುದು, ಆದರೆ ಕಾರಣ ಗೊತ್ತಾಗುವ ಮೊದಲೇ ಕೆಗ್ಗು ಕೊಳ್ಳುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ನೊರೆ ಉಕ್ಕುವುದಕ್ಕೂ ಲವಂಗದ ರುಚಿಗೂ ಆಕ್ಸಿಡೇಷನ್ನಿಗೂ ಯಾವ ಸಂಬಂಧವೂ ಇಲ್ಲ. ಬೆಣ್ಣೆಯ ವಾಸನೆ ಬಂದು ಹೋಗಿದ್ದಕ್ಕೂ ಇಲ್ಲ.

ನಾವೆಲ್ಲ ವಾಸನೆಗೆ ಮೊದಲು ಹೆಸರಿಟ್ಟು, ಆ ಹೆಸರಿನ ಮುಂದೆ ಬರೆದಿರುವ ಕಾರಣವನ್ನು ಪಟ್ಟಿಯಲ್ಲಿ ಓದಿ, ಅದನ್ನೇ ನಂಬಿಬಿಡುತ್ತೇವೆ. ಇದರಲ್ಲಿರುವ ತೊಂದರೆಯೆಂದರೆ ಮೂಗು ಮೋಸ ಮಾಡುತ್ತದೆ. ಒಬ್ಬರಿಗೆ ಜೇನಿನಂತೆ ಕಂಡದ್ದು ಇನ್ನೊಬ್ಬರಿಗೆ ಕ್ಯಾರಮೆಲ್ ಆಗಿ ಕಾಣುತ್ತದೆ, ಕೆಲವರಿಗೆ ಡೈಅಸಿಟೈಲಿನ ಬೆಣ್ಣೆ ವಾಸನೆ ಹೆಚ್ಚಿನ ಪ್ರಮಾಣದಲ್ಲಿದ್ದರೂ ತಿಳಿಯುವುದೇ ಇಲ್ಲ. ಮೋಸ ಮಾಡದ ಸಂಗತಿಗಳು ಎರಡು. ರುಚಿ ಯಾವಾಗ ಕಾಣಿಸಿಕೊಂಡಿತು ಮತ್ತು ಆಮೇಲೆ ಹೆಚ್ಚಿತೋ ಕಡಿಮೆಯಾಯಿತೋ ಎಂಬುದು ಮೊದಲನೆಯದು. ಅದು ಎಲ್ಲ ಬಾಟಲಿಗಳಲ್ಲಿದೆಯೋ ಕೆಲವೇ ಬಾಟಲಿಗಳಲ್ಲಿದೆಯೋ ಎಂಬುದು ಎರಡನೆಯದು. ಎಲ್ಲ ಬಾಟಲಿಗಳಲ್ಲೂ ಇದ್ದರೆ ಕಾರಣವು ಬಕೆಟ್ಟಿನಲ್ಲಿ, ಅದಕ್ಕಿಂತ ಹಿಂದೆ, ಅಥವಾ ಬಾಟಲಿಗಳನ್ನು ಇಟ್ಟ ಜಾಗದಲ್ಲಿ ಇರುತ್ತದೆ. ಕೆಲವೇ ಬಾಟಲಿಗಳಲ್ಲಿದ್ದರೆ ಆ ಬಾಟಲಿಗಳಲ್ಲಿ, ಇಲ್ಲವೇ ಅವು ತುಂಬಿದ ಕ್ರಮದಲ್ಲಿ ಇರುತ್ತದೆ.

ಆದ್ದರಿಂದ ದಯವಿಟ್ಟು ಇವಿಷ್ಟಕ್ಕೆ ಉತ್ತರಿಸಿ. ಉಕ್ಕಿದ ಬಾಟಲಿಗಳು ಉಳಿದವುಗಳಿಗಿಂತ ನೋಡಲು ಬೇರೆಯಾಗಿವೆಯೇ? ಅವು ಮೊದಲು ತುಂಬಿದವೋ ಕೊನೆಗೆ ತುಂಬಿದವೋ? ಬಾಟಲಿಗಳನ್ನು ಎಲ್ಲಿ ಇಟ್ಟಿದ್ದೀರಿ? ಇದೇ ಬಕೆಟ್ಟಿನಲ್ಲಿ ಮತ್ತು ಇದೇ ಬಾಟಲಿಗಳಲ್ಲಿ ಈ ಹಿಂದೆ ಏನು ಇತ್ತು?

ಪ್ಲೇನೋ ಮಾಲ್ಟ್:

ನಾನು ನಿಮ್ಮ ನೆರೆಯ ಪ್ಲೇನೋದವನು. ನಮ್ಮ ಕಡೆಯ ನಲ್ಲಿ ನೀರನ್ನು ಮರೆಯಬೇಡಿ. ಫ್ರಿಸ್ಕೋ, ಪ್ಲೇನೋ, ಮೆಕಿನಿ ಊರುಗಳಿಗೆಲ್ಲ ನೀರು ಕೊಡುವ ನಾರ್ತ್ ಟೆಕ್ಸಸ್ ಮುನ್ಸಿಪಲ್ ವಾಟರ್ ಡಿಸ್ಟ್ರಿಕ್ಟ್ ವರ್ಷದ ಬಹುಪಾಲು ಕ್ಲೋರಿನ್ನಿಗೆ ಅಮೋನಿಯಾ ಸೇರಿಸಿದ ಕ್ಲೋರಮೈನ್ ಬಳಸುತ್ತದೆ, ವಸಂತ ಕಾಲದಲ್ಲಿ ಸುಮಾರು ಒಂದು ತಿಂಗಳು ಮಾತ್ರ ಅಮೋನಿಯಾ ನಿಲ್ಲಿಸಿ ಬರೀ ಕ್ಲೋರಿನ್ ಬಿಡುತ್ತದೆ. ಕ್ಲೋರಿನ್ನಾದರೆ ಕುದಿಸಿದರೆ ಹೋಗುತ್ತದೆ, ಕ್ಲೋರಮೈನ್ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಎರಡೂ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಫಿನಾಲು ಎಂಬ ಪದಾರ್ಥಗಳ ಜೊತೆ ಸೇರಿ ಔಷಧಿಯ ವಾಸನೆ ಕೊಡುತ್ತವೆ. ಅವರು ಲವಂಗ ಎನ್ನುತ್ತಿರುವುದು ಇದೇ ಇರಬಹುದಲ್ಲವೇ?

ಲ್ಯಾಬ್ ಮೇಡಂ (ಬೆಂಗಳೂರು):

ಸಂದೇಹ ಸರಿಯಾದದ್ದೇ, ಆದರೆ ಇಲ್ಲಿಗೆ ಹೊಂದುವುದಿಲ್ಲ. ಹಾಗೆ ಹುಟ್ಟುವ ಕ್ಲೋರೋಫಿನಾಲಿನ ವಾಸನೆ ಡೆಟಾಲಿಗೆ ಅಥವಾ ಗಾಯಕ್ಕೆ ಹಚ್ಚುವ ಪಟ್ಟಿಗೆ ಹತ್ತಿರ. ಡೆಟಾಲಿನಲ್ಲಿರುವ ಮುಖ್ಯ ಪದಾರ್ಥವೇ ಒಂದು ಕ್ಲೋರಿನ್ ಸೇರಿದ ಫಿನಾಲು. ಲವಂಗದ ರುಚಿಯನ್ನು ಕೊಡುವುದು 4-ವಿನೈಲ್ ಗ್ವಾಯಕಾಲ್, ಅದನ್ನು ಮಾಡುವುದು ಯೀಸ್ಟ್. ಅದಕ್ಕಿಂತ ಮುಖ್ಯವಾಗಿ, ನೀರಿನಿಂದ ಬಂದ ದೋಷವಾಗಿದ್ದರೆ ಅದು ತುಂಬುವ ದಿನವೇ ಲೋಟದಲ್ಲಿ ಕಾಣಬೇಕಿತ್ತು ಮತ್ತು ಪ್ರತಿಯೊಂದು ಬಾಟಲಿಯಲ್ಲೂ ಇರಬೇಕಿತ್ತು. ಬಾಟಲಿಗಳನ್ನು ಬ್ಲೀಚಿನಲ್ಲಿ ತೊಳೆದು ಸರಿಯಾಗಿ ಜಾಲಿಸದಿದ್ದರೆ ಮಾತ್ರ ತುಂಬಿದ ಮೇಲೆ ಬರುತ್ತದೆ. ಆದರೂ ನಿಮ್ಮ ಊರಿನ ನೀರಿಗೆ ಕ್ಲೋರಮೈನ್ ಕಳೆಯಲು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕುವ ಅಭ್ಯಾಸ ಒಳ್ಳೆಯದು. ಅದರದೇ ಅರ್ಧ ಗ್ರಾಂ ತೂಗುವ ಒಂದು ಕ್ಯಾಂಪ್ಡನ್ ಮಾತ್ರೆ ಸುಮಾರು 75 ಲೀಟರ್ ನೀರಿಗೆ ಸಾಕಾಗುತ್ತದೆ, ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ.

ಫ್ರಿಸ್ಕೋ ನಿವಾಸಿ (ಟೆಕ್ಸಸ್):

ಧನ್ಯವಾದ ಮೇಡಂ. ಮುಚ್ಚಳಗಳ ಮೇಲೆ ತುಂಬಿದ ಕ್ರಮದಲ್ಲಿ ಅಂಕಿ ಬರೆದಿದ್ದರಿಂದ ಉತ್ತರಿಸುವುದು ಸುಲಭವಾಯಿತು. ಉಕ್ಕಿದ ಬಾಟಲಿಗಳೆಲ್ಲ ಕಂದು ಬಣ್ಣದ, ಗಿಡ್ಡ ಕತ್ತಿನ ಒಂದೇ ಬಗೆಯವು; ತುಂಬಿದ ಕ್ರಮದಲ್ಲಿ ಅವು ಅಲ್ಲಲ್ಲಿ ಚದುರಿವೆ. ಉಳಿದವು ಉದ್ದ ಕತ್ತಿನ 355 ಮಿಲಿಲೀಟರ್ ಬಾಟಲಿಗಳು. ಗಿಡ್ಡ ಬಾಟಲಿಗಳಲ್ಲಿ ವಸಂತ ಕಾಲದಲ್ಲಿ ಸೇಸನ್ (ಬೆಲ್ಜಿಯಂ ಮೂಲದ ಒಂದು ಬಗೆಯ ಬಿಯರ್) ತುಂಬಿದ್ದೆ. ಬಕೆಟ್ಟು, ಬಕೆಟ್ಟಿನ ನಲ್ಲಿ, ಕೊಳವೆ ಎಲ್ಲವೂ ಆಗ ಬಳಸಿದವೇ. ಬಾಟಲಿಗಳನ್ನು ಬಿಸಿ ನೀರಿನಲ್ಲಿ ಜಾಲಿಸಿ, ಆಮೇಲೆ ಸ್ಟಾರ್ ಸ್ಯಾನ್ ಎಂಬ ಸೋಂಕು ತೆಗೆಯುವ ದ್ರಾವಣದಲ್ಲಿ ಅದ್ದಿ ತೆಗೆದಿದ್ದೆ. ತುಂಬಿದ ಬಾಟಲಿಗಳು ಇರುವುದು ಗ್ಯಾರೇಜಿನಲ್ಲಿ, ರಟ್ಟಿನ ಪೆಟ್ಟಿಗೆಯೊಳಗೆ, ಬೆಳಕು ಬೀಳದ ಹಾಗೆ. ಇಲ್ಲಿ ಆಗಸ್ಟಿನಲ್ಲಿ ಹೊರಗೆ 38 ಡಿಗ್ರಿ ದಾಟುವುದು ಸಾಮಾನ್ಯ, ಗ್ಯಾರೇಜಿನೊಳಗೆ ಇನ್ನೂ ಹೆಚ್ಚು.

ಲ್ಯಾಬ್ ಮೇಡಂ (ಬೆಂಗಳೂರು):

ಹಾಗಿದ್ದರೆ ಮುಂದಿನ ಮಾತಿಗೆ ಮೊದಲು ಸುರಕ್ಷತೆಯ ವಿಷಯ. ಗಿಡ್ಡ ಬಾಟಲಿಗಳಲ್ಲಿ ಉಳಿದಿರುವ ಪ್ರತಿಯೊಂದನ್ನೂ ಈಗಲೇ ಮುಚ್ಚಳವಿರುವ ದಪ್ಪ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು ಫ್ರಿಜ್ಜಿಗೆ ಸೇರಿಸಿ. ಮುಟ್ಟುವಾಗ ದಪ್ಪ ಕೈಗವಸು ಮತ್ತು ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲಿ. ಪೂರ್ತಿ ತಣಿದ ಮೇಲೆ ಮುಚ್ಚಳವನ್ನು ಬಟ್ಟೆಯ ಅಡಿಯಲ್ಲಿ ಮೆಲ್ಲನೆ ಎತ್ತಿ ಅನಿಲ ಬಿಡಿ. ಬೆಚ್ಚಗಿರುವಾಗ ಅವುಗಳನ್ನು ಅಲ್ಲಾಡಿಸಬೇಡಿ. ನಾನು ಹೆದರಿಸಲು ಹೇಳುತ್ತಿಲ್ಲ, ಲೆಕ್ಕವೇ ಹಾಗೆ ಹೇಳುತ್ತದೆ.

ಲೆಕ್ಕ ಹೀಗಿದೆ. 20 ಡಿಗ್ರಿಯಲ್ಲಿ ಹುದುಗಿ ಮುಗಿದ ಬಿಯರಿನಲ್ಲಿ ಮೊದಲೇ ಸುಮಾರು 0.85 ವಾಲ್ಯೂಮ್ (ಒಂದು ಲೀಟರ್ ಬಿಯರಿನಲ್ಲಿ ಒಂದು ಲೀಟರ್ ಅನಿಲ ಕರಗಿದ್ದರೆ ಅದು ಒಂದು ವಾಲ್ಯೂಮ್) ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಲೀಟರಿಗೆ ಸುಮಾರು 4 ಗ್ರಾಂ ಸಕ್ಕರೆ ಒಂದು ವಾಲ್ಯೂಮ್ ಅನಿಲವನ್ನು ಕೊಡುತ್ತದೆ. ನೀವು ಹಾಕಿದ್ದು ಲೀಟರಿಗೆ 6 ಗ್ರಾಂ, ಅಂದರೆ ಒಟ್ಟು 2.4 ರ ಆಸುಪಾಸು. ಪೇಲ್ ಏಲ್‌ಗೆ ಇದು ಸರಿಯಾದ ಮಟ್ಟ, ಸಕ್ಕರೆಯಲ್ಲಿ ಏನೂ ತಪ್ಪಿಲ್ಲ. ಆದರೆ ಬಾಟಲಿಯೊಳಗೆ ಬಿಯರಿನ ಸ್ವಂತ ಗ್ರಾವಿಟಿ ಒಂದೊಂದು ಅಂಕ ಇಳಿದಾಗಲೂ, ಅಂದರೆ 1.012 ಇದ್ದದ್ದು 1.011 ಆದಾಗ, ಇನ್ನೂ ಅರ್ಧ ವಾಲ್ಯೂಮ್ ಸೇರುತ್ತದೆ. ಸಾಮಾನ್ಯ ಬಿಯರ್ ಬಾಟಲಿಗಳಲ್ಲಿ ಮೂರು ವಾಲ್ಯೂಮಿನ ಮೇಲೆ ಹೋಗುವುದು ಒಳ್ಳೆಯದಲ್ಲ.

ಆದ್ದರಿಂದ ತಣಿಸಿದ ಒಂದು ಗಿಡ್ಡ ಬಾಟಲಿ, ಒಂದು ಉದ್ದ ಬಾಟಲಿ, ಎರಡರ ಬಿಯರನ್ನೂ ಪ್ರತ್ಯೇಕ ಲೋಟಗಳಲ್ಲಿ ಹಲವು ಸಲ ಎತ್ತಿ ಸುರಿದು ಅನಿಲ ಪೂರ್ತಿ ಹೋಗುವ ತನಕ ಬಿಟ್ಟು, 20 ಡಿಗ್ರಿಗೆ ತಂದು ಹೈಡ್ರೋಮೀಟರಿನಲ್ಲಿ ಗ್ರಾವಿಟಿ ಅಳೆಯಿರಿ. ಗುಳ್ಳೆಗಳು ಉಳಿದಿದ್ದರೆ ಅವು ಹೈಡ್ರೋಮೀಟರನ್ನು ಮೇಲೆತ್ತಿ ತಪ್ಪು ಅಂಕ ತೋರಿಸುತ್ತವೆ. ಪ್ರೈಮಿಂಗ್ ಸಕ್ಕರೆ ಪೂರ್ತಿ ಹುದುಗಿಹೋಗಿರುವುದರಿಂದ ಆರೋಗ್ಯವಾಗಿರುವ ಬಾಟಲಿ 1.012 ಅನ್ನೇ, ಇಲ್ಲವೇ ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ ತೋರಿಸಬೇಕು.

ಮೈಸೂರು ಓದುಗ:

ಮಧ್ಯದಲ್ಲಿ ಒಂದು ಪ್ರಶ್ನೆಗೆ ಕ್ಷಮಿಸಿ. ಇದನ್ನೆಲ್ಲ ಓದಿದರೆ ನನಗೂ ಆಸೆಯಾಗುತ್ತಿದೆ. ನಮ್ಮ ಮನೆಯಲ್ಲಿ ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಬಹುದೇ?

ಲ್ಯಾಬ್ ಮೇಡಂ (ಬೆಂಗಳೂರು):

ಮಾಡುವಂತಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಅಮೆರಿಕದಲ್ಲೂ ಮನೆಯ ಬಿಯರಿಗೆ ಫೆಡರಲ್ ತೆರಿಗೆಯಿಂದ ವಿನಾಯಿತಿ ಸಿಕ್ಕಿದ್ದು 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಮಿತಿ, ಮಾರುವಂತಿಲ್ಲ. ಇಂಗ್ಲೆಂಡಿನಲ್ಲಿ 1963ರಿಂದ ಲೈಸೆನ್ಸ್ ಬೇಕಾಗಿಲ್ಲ. ಇಲ್ಲಿ ನಡೆಯುತ್ತಿರುವ ಚರ್ಚೆ ಹಾಗೆ ಅನುಮತಿ ಇರುವ ಕಡೆ ಇರುವವರದು.

ಮ್ಯೂನಿಕ್ ಮಡ್ಡಿ:

ರಟ್ಟಿನ ವಾಸನೆಯ ಭಾಗಕ್ಕೆ ನಾನು ಬರೆಯುತ್ತೇನೆ, ಏಕೆಂದರೆ ಸೈಫನ್ ಮಾಡುವಾಗ ಬಿಯರ್ ಚಿಮ್ಮದಂತೆ ನೋಡಿಕೊಂಡರೆ ಮುಗಿಯಿತು ಎಂದು ಬಹಳ ಜನ ತಿಳಿದಿದ್ದಾರೆ, ಮುಚ್ಚಳದ ಕೆಳಗೆ ಉಳಿಯುವ ಗಾಳಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 355 ಮಿಲಿಲೀಟರ್ ಬಾಟಲಿಯ ಕತ್ತಿನಲ್ಲಿ 15 ಮಿಲಿಲೀಟರ್ ಗಾಳಿ ಉಳಿದಿದೆ ಎಂದುಕೊಳ್ಳಿ. ಅದರಲ್ಲಿ ಐದನೇ ಒಂದು ಭಾಗ, ಅಂದರೆ 3 ಮಿಲಿಲೀಟರಿಗಿಂತ ಸ್ವಲ್ಪ ಹೆಚ್ಚು ಆಮ್ಲಜನಕ. ತೂಕದಲ್ಲಿ ಸುಮಾರು 4 ಮಿಲಿಗ್ರಾಂ. ಅದು ಪೂರ್ತಿ ಬಿಯರಿಗೆ ಇಳಿದರೆ ಲೀಟರಿಗೆ 11ರಿಂದ 12 ಮಿಲಿಗ್ರಾಂ ಆಗುತ್ತದೆ. ದೊಡ್ಡ ಬ್ರೂವರಿಗಳು ಬಾಟಲಿಯೊಳಗಿನ ಒಟ್ಟು ಆಮ್ಲಜನಕವನ್ನು ಮೈಕ್ರೋಗ್ರಾಂಗಳಲ್ಲಿ ಅಳೆಯುತ್ತವೆ, ನಾವು ಮನೆಯಲ್ಲಿ ಮಿಲಿಗ್ರಾಂಗಳಲ್ಲಿ ಬಿಡುತ್ತಿದ್ದೇವೆ. ಬಾಟಲಿಯಲ್ಲಿರುವ ಯೀಸ್ಟ್ ಪ್ರೈಮಿಂಗ್ ಸಕ್ಕರೆಯನ್ನು ತಿನ್ನುವಾಗ ಅದರಲ್ಲಿ ಒಂದು ಪಾಲನ್ನು ನುಂಗಿಕೊಳ್ಳುತ್ತದೆ ಎಂಬುದು ನಿಜ, ಆದರೆ ಯೀಸ್ಟ್ ಎಚ್ಚರಗೊಳ್ಳುವುದರೊಳಗೆ ಹಾಪ್ಸಿನ ಎಣ್ಣೆಗಳು ಮತ್ತು ಪಾಲಿಫಿನಾಲುಗಳು ತಮ್ಮ ಪಾಲನ್ನು ಪಡೆದಿರುತ್ತವೆ. ಹಾಪ್ಸ್ ಹೆಚ್ಚಿದ ಬಿಯರ್ ಮೊದಲು ಕೆಡುವುದು ಇದಕ್ಕೇ.

ಅದರ ಮೇಲೆ ನಿಮ್ಮ ಗ್ಯಾರೇಜಿನ ಬಿಸಿ. ರಟ್ಟಿನ ವಾಸನೆಯ ಹಿಂದಿರುವ ಟ್ರಾನ್ಸ್-2-ನಾನೆನಾಲ್ ಎಂಬ ಪದಾರ್ಥ ಲೀಟರಿಗೆ 0.1 ಮೈಕ್ರೋಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ. ಬ್ರೂವರಿಗಳಲ್ಲಿ ಅಂದಾಜಿನ ಲೆಕ್ಕವೊಂದಿದೆ: 32 ಡಿಗ್ರಿಯಲ್ಲಿ 3 ದಿನ ಇಟ್ಟ ಬಿಯರ್, 22 ಡಿಗ್ರಿಯಲ್ಲಿ 30 ದಿನ ಇಟ್ಟದ್ದು, 3 ಡಿಗ್ರಿಯಲ್ಲಿ 300 ದಿನ ಇಟ್ಟದ್ದು, ಮೂರೂ ಹೆಚ್ಚುಕಡಿಮೆ ಒಂದೇ ವಯಸ್ಸಿನ ರುಚಿ ಕೊಡುತ್ತವೆ. ಇದನ್ನು ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲ, ಆದರೂ 40 ಡಿಗ್ರಿಯ ಗ್ಯಾರೇಜಿನಲ್ಲಿ ಮೂರು ವಾರ ಎಂದರೆ ಬಿಯರಿಗೆ ಎಷ್ಟು ಮುಪ್ಪು ಬಂದಿರಬಹುದು ಎಂಬುದನ್ನು ಊಹಿಸಿಕೊಳ್ಳಿ.

ಲೀಡ್ಸ್ ಹಾಪ್ಸ್:

ಲೆಕ್ಕ ನೋಡಿ ಸಮಾಧಾನವಾಯಿತು; ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಬೆಣ್ಣೆಯ ವಾಸನೆಯ ಬಗ್ಗೆ ಏಕೆ ಇಷ್ಟು ಚಿಂತೆ? ಅದು ಹೋಗಿಯಾಯಿತಲ್ಲ. ಬಾಟಲಿಗೆ ತುಂಬಿದ ಬಿಯರಿನಲ್ಲಿ ಏನು ಕಂಡರೂ ಇನ್ನೊಂದು ತಿಂಗಳು ಬಿಟ್ಟುಬಿಡಿ ಎಂಬುದೇ ಇಲ್ಲಿನ ಹಳಬರು ಕೊಡುವ ಉತ್ತರ.

ಲ್ಯಾಬ್ ಮೇಡಂ (ಬೆಂಗಳೂರು):

ಆ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕಾಲ ಕಳೆದರೆ ಗುಣವಾಗುವ ರುಚಿಗಳು ಕೆಲವೇ. ಎಳೆಯ ಬಿಯರಿನ ಹಸಿ ಸೇಬಿನ ವಾಸನೆ, ಅಂದರೆ ಅಸಿಟಾಲ್ಡಿಹೈಡ್, ಜೀವಂತ ಯೀಸ್ಟ್ ಇದ್ದರೆ ಕಡಿಮೆಯಾಗುತ್ತದೆ. ಬೆಣ್ಣೆಯ ವಾಸನೆಯೂ ಯೀಸ್ಟಿನಿಂದ ಬಂದದ್ದಾದರೆ ಕಡಿಮೆಯಾಗುತ್ತದೆ. ರಟ್ಟಿನ ವಾಸನೆ, ಕ್ಲೋರೋಫಿನಾಲ್, ಲವಂಗ, ಬಿಸಿಲಿಗೆ ಸಿಕ್ಕಿದ ಬಿಯರಿನ ನಾತ, ಇವು ಯಾವುವೂ ಕಾಯುವುದರಿಂದ ಹೋಗುವುದಿಲ್ಲ. ಮೊದಲನೆಯದಂತೂ ಕಾದಷ್ಟೂ ಹೆಚ್ಚುತ್ತದೆ. ಬೆಣ್ಣೆಯ ವಾಸನೆ ವಾರದಿಂದ ವಾರಕ್ಕೆ ಹೆಚ್ಚುತ್ತಾ, ಜೊತೆಗೆ ಹುಳಿಯೂ ಸೇರಿಕೊಳ್ಳುತ್ತಿದ್ದರೆ ಅದು ಪೀಡಿಯೋಕಾಕಸ್ ಎಂಬ ಬ್ಯಾಕ್ಟೀರಿಯಾದ ಕೆಲಸವಾಗಿರುವ ಸಾಧ್ಯತೆ ಹೆಚ್ಚು, ಅಲ್ಲಿ ಕಾಯುವುದು ಬಿಯರನ್ನು ಚರಂಡಿಗೆ ಸುರಿಯುವ ದಿನವನ್ನು ಮುಂದೂಡುವುದಷ್ಟೇ.

ಫ್ರಿಸ್ಕೋ ಅವರ ಬಾಟಲಿಯಲ್ಲಿ ಅದು ಬಂದು ಹೋಗಿದೆ, ಆದ್ದರಿಂದ ಬ್ಯಾಕ್ಟೀರಿಯಾ ಅಲ್ಲ. ಆದರೆ ತುಂಬುವ ದಿನ ಇಲ್ಲದ್ದು ವಾರದ ನಂತರ ಏಕೆ ಬಂತು ಎಂಬುದು ಮುಖ್ಯ. ಹಾಪ್ಸಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವಗಳು ಸ್ವಲ್ಪ ಪ್ರಮಾಣದಲ್ಲಿರುತ್ತವೆ. ಹುದುಗುವಿಕೆ ಮುಗಿದ ಬಿಯರಿಗೆ ಹಾಪ್ಸ್ ಹಾಕಿದಾಗ ಅವು ಯೀಸ್ಟ್ ತಿನ್ನಲಾಗದ ಡೆಕ್ಸ್‌ಟ್ರಿನ್ನುಗಳನ್ನು ತಿನ್ನಬಲ್ಲ ಸಕ್ಕರೆಯಾಗಿ ಒಡೆಯುತ್ತವೆ, ಯೀಸ್ಟ್ ಮತ್ತೆ ಕೆಲಸ ಆರಂಭಿಸುತ್ತದೆ, ಆಗ ಡೈಅಸಿಟೈಲಿನ ಮೂಲವಸ್ತುವೂ ಹೊಸದಾಗಿ ಹೊರಬರುತ್ತದೆ. ಇದಕ್ಕೆ ಹಾಪ್ ಕ್ರೀಪ್ ಎನ್ನುತ್ತಾರೆ. ಆ ಮೂಲವಸ್ತುವಿಗೆ ಸ್ವತಃ ವಾಸನೆಯಿಲ್ಲ. ಅದು ತಾನಾಗಿ ಡೈಅಸಿಟೈಲ್ ಆಗಿ ಬದಲಾದ ಮೇಲೆ ಮಾತ್ರ ನಮಗೆ ತಿಳಿಯುತ್ತದೆ. ನೀವು ನಾಲ್ಕನೇ ದಿನಕ್ಕೆ ತುಂಬಿದ್ದರಿಂದ ಈ ನಾಟಕದ ಉತ್ತರಾರ್ಧ ಬಾಟಲಿಯೊಳಗೆ ನಡೆಯಿತು.

ತುಂಬುವ ಮೊದಲೇ ಇದನ್ನು ಹಿಡಿಯುವ ಪರೀಕ್ಷೆಯೊಂದಿದೆ, ನಾವು ಕೆಲಸದಲ್ಲೂ ಅದನ್ನೇ ಮಾಡುತ್ತೇವೆ. ಎರಡು ಚಿಕ್ಕ ಗಾಜಿನ ಪಾತ್ರೆಗಳಲ್ಲಿ ಬಿಯರ್ ತೆಗೆದು ಬಾಯಿ ಮುಚ್ಚಿ, ಒಂದನ್ನು 60ರಿಂದ 70 ಡಿಗ್ರಿಯ ನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ಆಮೇಲೆ ತಣಿಸಿ, ಎರಡನ್ನೂ ಪಕ್ಕಪಕ್ಕದಲ್ಲಿ ಮೂಸಿ ನೋಡಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆಯ ವಾಸನೆ ಬಂದರೆ ತುಂಬಬೇಡಿ, 20 ಡಿಗ್ರಿಯಲ್ಲಿ ಇನ್ನೂ ಕೆಲವು ದಿನ ಬಿಡಿ.

ಫ್ರಿಸ್ಕೋ ನಿವಾಸಿ (ಟೆಕ್ಸಸ್):

ಅಳತೆ ಮಾಡಿದೆ. ಉದ್ದ ಬಾಟಲಿಯ ಬಿಯರ್ 1.011. ಗಿಡ್ಡ ಬಾಟಲಿಯದು 1.006. ಅನಿಲ ಪೂರ್ತಿ ಹೋಗಿದೆ ಎಂಬುದನ್ನು ಖಚಿತಪಡಿಸಿಕೊಳ್ಳಲು ಎರಡನ್ನೂ ಮರುದಿನ ಮತ್ತೆ ಅಳೆದೆ, ಅವೇ ಅಂಕಿಗಳು ಬಂದವು. ಗಿಡ್ಡ ಬಾಟಲಿಗಳ ಅನಿಲವನ್ನು ಹೇಳಿದ ಕ್ರಮದಲ್ಲೇ ಬಿಟ್ಟಿದ್ದೇನೆ, ಯಾವುದೂ ಒಡೆಯಲಿಲ್ಲ. ಖಾಲಿಯಾದ ಒಂದನ್ನು ದೀಪದ ಎದುರು ಹಿಡಿದು ನೋಡಿದಾಗ ತಳದ ಅಂಚಿನಲ್ಲಿ ಮಂಜಿನಂತಹ ತೆಳುವಾದ ಉಂಗುರ ಕಂಡಿತು. ಉದ್ದ ಬಾಟಲಿಗಳಲ್ಲಿ ಅದು ಇಲ್ಲ.

ಲ್ಯಾಬ್ ಮೇಡಂ (ಬೆಂಗಳೂರು):

ಹಾಗಾದರೆ ಚಿತ್ರ ಸ್ಪಷ್ಟವಾಯಿತು, ನಿಮ್ಮ ಬಳಿ ಇರುವುದು ಒಂದಲ್ಲ, ಮೂರು ಬೇರೆ ಬೇರೆ ದೋಷಗಳು. ಮೊದಲನೆಯದಾದ ಗಾಳಿ ಮತ್ತು ಬಿಸಿಯ ಕೆಲಸವನ್ನು ಮ್ಯೂನಿಕ್ ಅವರು ಹೇಳಿಯಾಗಿದೆ. ಉದ್ದ ಬಾಟಲಿಯಲ್ಲಿ ಇಳಿದ ಒಂದು ಅಂಕ ಹಾಪ್ ಕ್ರೀಪ್ ಲೆಕ್ಕಕ್ಕೆ ಹೊಂದುತ್ತದೆ. ಅದರಿಂದ ಕಾರ್ಬನೇಷನ್, ಅಂದರೆ ಕರಗಿದ ಅನಿಲ, 2.9 ವಾಲ್ಯೂಮಿನ ಹತ್ತಿರ ಬಂದಿರಬೇಕು, ಚುರುಕಾಗಿದೆ ಎನ್ನಿಸಬಹುದು ಆದರೆ ಉಕ್ಕುವುದಿಲ್ಲ. ಗಿಡ್ಡ ಬಾಟಲಿಯಲ್ಲಿ ಇಳಿದದ್ದು ಆರು ಅಂಕ, ಅಂದರೆ ಹೆಚ್ಚುವರಿ ಮೂರು ವಾಲ್ಯೂಮ್, ಒಟ್ಟು ಐದರ ಮೇಲೆ. ಇಷ್ಟು ಒತ್ತಡವನ್ನು ಆ ಬಾಟಲಿಗಳು ತಡೆದುಕೊಂಡದ್ದು ನಿಮ್ಮ ಅದೃಷ್ಟ.

ಅಷ್ಟು ಕೆಳಗೆ ಇಳಿಸುವ ಶಕ್ತಿ ಯುಎಸ್-05ಕ್ಕೆ ಇಲ್ಲ. ಸೇಸನ್ ಯೀಸ್ಟ್‌ಗಳಲ್ಲಿ ಹಲವು ಡಯಾಸ್ಟಾಟಿಕಸ್ ಬಗೆಯವು. ಅವುಗಳಲ್ಲಿರುವ ಎಸ್‌ಟಿಎ1 ಎಂಬ ಜೀನ್, ಡೆಕ್ಸ್‌ಟ್ರಿನ್ನನ್ನು ಒಡೆಯುವ ಕಿಣ್ವವನ್ನು ಯೀಸ್ಟ್ ತಾನೇ ತಯಾರಿಸಿ ಹೊರಬಿಡುವಂತೆ ಮಾಡುತ್ತದೆ. ಇವು ಅವಸರವಿಲ್ಲದೆ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಕೆಲಸ ಮಾಡುತ್ತವೆ, ಬಿಸಿಯನ್ನು ಚೆನ್ನಾಗಿ ಸಹಿಸುತ್ತವೆ ಮತ್ತು ಲವಂಗದ ರುಚಿಯನ್ನೂ ಕೊಡುತ್ತವೆ. ತೆಳ್ಳಗಿನ ಮೈ, ಲವಂಗ, ಉಕ್ಕುವ ನೊರೆ, ಹಿಂದೆ ಸೇಸನ್ ಇದ್ದ ಬಾಟಲಿ, ನಾಲ್ಕೂ ಒಂದೇ ಕಡೆಗೆ ಬೆರಳು ತೋರಿಸುತ್ತಿವೆ. ದೋಷ ಬಕೆಟ್ಟಿನದೋ ನಲ್ಲಿಯದೋ ಆಗಿದ್ದರೆ ಉದ್ದ ಬಾಟಲಿಗಳೂ ಹೀಗೆಯೇ ಇಳಿಯಬೇಕಿತ್ತು. ನೀವು ಕಂಡ ಉಂಗುರ ಒಣಗಿ ಅಂಟಿದ ಯೀಸ್ಟಿನ ಪದರ. ಸ್ಟಾರ್ ಸ್ಯಾನ್ ಸೋಂಕು ತೆಗೆಯುವ ದ್ರಾವಣವೇ ಹೊರತು ಕೊಳೆ ತೆಗೆಯುವುದಲ್ಲ. ಅಂಟಿದ ಪದರದ ಒಳಗೆ ಅದು ಇಳಿಯುವುದಿಲ್ಲ.

ಪ್ಲೇನೋ ಮಾಲ್ಟ್:

ಆ ಗಿಡ್ಡ ಬಾಟಲಿಗಳನ್ನು ಎಸೆಯಬೇಕೇ? ಒವನ್‌ನಲ್ಲಿ ಬಿಸಿ ಮಾಡಿದರೆ ಸಾಕಲ್ಲವೇ?

ಮ್ಯೂನಿಕ್ ಮಡ್ಡಿ:

ಎಸೆಯಬೇಕಾಗಿಲ್ಲ. ಸೋಡಿಯಂ ಪರ್ಕಾರ್ಬೊನೇಟನ್ನು 60 ಡಿಗ್ರಿಯ ನೀರಿನಲ್ಲಿ ಕರಗಿಸಿ ರಾತ್ರಿಯಿಡೀ ನೆನೆಸಿ, ಬಾಟಲಿ ಬ್ರಷ್ಷಿನಿಂದ ಉಜ್ಜಿ, ಜಾಲಿಸಿ, ದೀಪದ ಎದುರು ಹಿಡಿದು ನೋಡಿ. ಉಂಗುರ ಉಳಿದಿದ್ದರೆ ಮತ್ತೆ ನೆನೆಸಿ. ಒವನ್ ಶಾಖ ಕೊಳೆಯನ್ನು ತೆಗೆಯುವುದಿಲ್ಲ, ತೊಳೆದ ಮೇಲೆ ಮಾತ್ರ ಅದಕ್ಕೆ ಅರ್ಥ, ಅದೂ ತಣ್ಣಗಿನ ಒವನ್‌ನಲ್ಲಿಟ್ಟು ನಿಧಾನವಾಗಿ 170 ಡಿಗ್ರಿಗೆ ಏರಿಸಿ ಒಂದು ಗಂಟೆ ಇಟ್ಟು ಒಳಗೇ ತಣಿಯಲು ಬಿಡಬೇಕು. ಪದೇ ಪದೇ ಹೀಗೆ ಮಾಡಿದರೆ ಗಾಜು ದುರ್ಬಲವಾಗುತ್ತದೆ. ನಿಮ್ಮ ಪ್ಲಾಸ್ಟಿಕ್ ನಲ್ಲಿಯನ್ನು ಮಾತ್ರ ಈಗಲೇ ಬಿಚ್ಚಿ ನೋಡಿ. ಈ ಸಲ ಅದು ತಪ್ಪಿತಸ್ಥನಲ್ಲ ಎಂದ ಮಾತ್ರಕ್ಕೆ ಒಳಗೆ ಶುದ್ಧವಾಗಿದೆ ಎಂದಲ್ಲ. ಬೆಲೆಯೂ ಕಡಿಮೆ, ಹೊಸದನ್ನೇ ಹಾಕಿಬಿಡಿ. ಸೇಸನ್‌ಗೆ ಬೇರೆ ಕೊಳವೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಪಾತ್ರೆ ತೊಳೆಯುವ ಯಂತ್ರದಲ್ಲಿ ಬಾಟಲಿ ಹಾಕುವವರಿಗೆ ಒಂದು ಮಾತು: ಹೊಳಪು ಕೊಡುವ ದ್ರವ ಬಾಟಲಿಯಲ್ಲಿ ಉಳಿದರೆ ನೊರೆ ನಿಲ್ಲುವುದಿಲ್ಲ.

ಫ್ರಿಸ್ಕೋ ನಿವಾಸಿ (ಟೆಕ್ಸಸ್):

ಎಲ್ಲರಿಗೂ ಕೃತಜ್ಞತೆಗಳು. ಮುಂದಿನ ಸಲ ಎಲ್ಲವನ್ನೂ ಒಟ್ಟಿಗೇ ಬದಲಾಯಿಸಿದರೆ ಯಾವುದರಿಂದ ಎಷ್ಟು ಉಪಯೋಗವಾಯಿತು ಎಂಬುದು ತಿಳಿಯುವುದಿಲ್ಲ. ಹೇಗೆ ಮಾಡಲಿ?

ಲ್ಯಾಬ್ ಮೇಡಂ (ಬೆಂಗಳೂರು):

ಬಾಟಲಿ ತೊಳೆಯುವುದು ಮತ್ತು ಬೆಣ್ಣೆಯ ಪರೀಕ್ಷೆ, ಇವೆರಡರಲ್ಲಿ ಪ್ರಯೋಗದ ಪ್ರಶ್ನೆ ಇಲ್ಲ, ಪ್ರತಿ ಸಲವೂ ಮಾಡಬೇಕಾದವು. ಹಾಪ್ಸನ್ನು ಹುದುಗುವಿಕೆ ಇನ್ನೂ ಸ್ವಲ್ಪ ನಡೆಯುತ್ತಿರುವಾಗಲೇ ಹಾಕಿ, ಆಮೇಲೆ ಗ್ರಾವಿಟಿ ಮೂರು ದಿನ ಅಲುಗದೆ ನಿಂತ ಮೇಲೆ ತುಂಬಿ. ಪ್ರಯೋಗ ಮಾಡಬೇಕಾದದ್ದು ಗಾಳಿ ಮತ್ತು ಶಾಖದ ಮೇಲೆ. ಒಂದೇ ಬಕೆಟ್ಟಿನ ಅರ್ಧ ಬಾಟಲಿಗಳಲ್ಲಿ ಎಂದಿನಷ್ಟು ಜಾಗ ಬಿಡಿ, ಇನ್ನರ್ಧವನ್ನು ಬಾಯಿಯಿಂದ ಒಂದು ಸೆಂಟಿಮೀಟರ್ ಕೆಳಗಿನವರೆಗೂ ತುಂಬಿ, ಮುಚ್ಚಳ ಹಾಕಿ. ಎರಡು ಗುಂಪುಗಳನ್ನೂ ಮನೆಯೊಳಗೆ 20 ಡಿಗ್ರಿಯ ಆಸುಪಾಸಿನಲ್ಲಿ ಎರಡು ವಾರ ಇಟ್ಟು ಕಾರ್ಬನೇಷನ್ ಆದ ಮೇಲೆ, ಪ್ರತಿ ಗುಂಪಿನಲ್ಲಿ ಅರ್ಧವನ್ನು ಫ್ರಿಜ್ಜಿಗೆ, ಉಳಿದರ್ಧವನ್ನು ಹೊರಗೆ ಬಿಡಿ. ರುಚಿ ನೋಡುವಾಗ ಯಾವುದು ಯಾವುದೆಂದು ನಿಮಗೆ ತಿಳಿಯಬಾರದು. ಮನೆಯವರಿಗೆ ಮೂರು ಲೋಟ ತುಂಬಲು ಹೇಳಿ, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆಯದು. ಬೇರೆಯದನ್ನು ಮತ್ತೆ ಮತ್ತೆ ಸರಿಯಾಗಿ ಗುರುತಿಸಲು ಆಗದಿದ್ದರೆ ವ್ಯತ್ಯಾಸ ಇರುವುದು ಬಿಯರಿನಲ್ಲಲ್ಲ, ನಿಮ್ಮ ನಂಬಿಕೆಯಲ್ಲಿ.

ಜೊತೆಗೆ ಅರ್ಧ ಲೀಟರಿನ ಒಂದು ಸೋಡಾದ ಪೆಟ್ (ಪ್ಲಾಸ್ಟಿಕ್) ಬಾಟಲಿಯನ್ನೂ ಚೆನ್ನಾಗಿ ತೊಳೆದು ತುಂಬಿ. ಬಿಯರ್ ಬಾಯಿಯವರೆಗೆ ಏರುವಂತೆ ಬಾಟಲಿಯನ್ನು ಹಿಂಡಿ ಮುಚ್ಚಳ ತಿರುಗಿಸಿದರೆ ಒಳಗೆ ಗಾಳಿಯೇ ಉಳಿಯುವುದಿಲ್ಲ, ಅನಿಲ ತುಂಬಿದಂತೆ ಅದು ತಾನಾಗಿ ಉಬ್ಬುತ್ತದೆ. ಕೈಯಿಂದ ಒತ್ತಿ ನೋಡಿದರೆ ಕಾರ್ಬನೇಷನ್ ಎಲ್ಲಿಗೆ ಬಂದಿದೆ ಎಂಬುದು ಗಾಜಿನ ಬಾಟಲಿ ತೆರೆಯದೆಯೇ ತಿಳಿಯುತ್ತದೆ.

ಲೀಡ್ಸ್ ಹಾಪ್ಸ್:

ಇಷ್ಟೆಲ್ಲ ಮಾಡುವ ಬದಲು ಕೆಗ್ಗು ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ಪೆಟ್ ಬಾಟಲಿಯ ಉಪಾಯ ನನಗೂ ಗೊತ್ತಿರಲಿಲ್ಲ.

ಫ್ರಿಸ್ಕೋ ನಿವಾಸಿ (ಟೆಕ್ಸಸ್):

ಅದೇ ಪಾಕಕ್ರಮವನ್ನು ಮೇಡಂ ಹೇಳಿದ ರೀತಿಯಲ್ಲಿ ಮಾಡಿ ಈಗ ಫಲಿತಾಂಶ ಬರೆಯುತ್ತಿದ್ದೇನೆ. ಬಿಸಿ ಮಾಡಿದ ಮಾದರಿಯಲ್ಲಿ ಮೊದಲ ಸಲ ಬೆಣ್ಣೆ ಸ್ಪಷ್ಟವಾಗಿ ಬಂತು, ಆದ್ದರಿಂದ ತುಂಬುವುದನ್ನು ಮುಂದೂಡಿದೆ. ವಾಸನೆ ನಿಂತ ಮೇಲೆ ತುಂಬಿದ್ದರಿಂದ ಬಾಟಲಿಯಲ್ಲಿ ಅದು ಒಮ್ಮೆಯೂ ಕಾಣಲಿಲ್ಲ. ಉಕ್ಕಿದ ಬಾಟಲಿ ಒಂದೂ ಇಲ್ಲ, ತೊಳೆದ ಗಿಡ್ಡ ಬಾಟಲಿಗಳೂ ಸೇರಿದಂತೆ. ಮೂರು ಲೋಟದ ಪರೀಕ್ಷೆಯಲ್ಲಿ, ಫ್ರಿಜ್ಜಿನಲ್ಲಿದ್ದ ಬಾಟಲಿಗಳ ಮಟ್ಟಿಗೆ ಹೆಚ್ಚು ಜಾಗ ಬಿಟ್ಟವುಗಳನ್ನೂ ಕಡಿಮೆ ಬಿಟ್ಟವುಗಳನ್ನೂ ಬೇರ್ಪಡಿಸಲು ನನಗೆ ಕಷ್ಟವಾಯಿತು. ಹೊರಗೆ ಇಟ್ಟವುಗಳಲ್ಲಿ ಪರೀಕ್ಷೆಯೇ ಬೇಕಾಗಲಿಲ್ಲ. ಹೆಚ್ಚು ಜಾಗ ಬಿಟ್ಟ ಬಾಟಲಿಗಳ ಬಣ್ಣ ನೋಡಿಯೇ ಹೇಳಬಹುದಿತ್ತು. ಒಂದು ವಿಷಯ ಮಾತ್ರ ಅರ್ಥವಾಗಿಲ್ಲ. ಎಲ್ಲಕ್ಕಿಂತ ಮೊದಲು ತುಂಬಿದ ಒಂದೆರಡು ಬಾಟಲಿಗಳು, ಬಾಯಿಯವರೆಗೂ ತುಂಬಿದ್ದರೂ, ಉಳಿದವುಗಳಿಗಿಂತ ಬೇಗ ಮಂಕಾಗಿವೆ.

ಮ್ಯೂನಿಕ್ ಮಡ್ಡಿ:

ಕೊಳವೆ ಮತ್ತು ತುಂಬುವ ಕಡ್ಡಿಯೊಳಗೆ ಮೊದಲು ಇದ್ದ ಗಾಳಿ ಗುಳ್ಳೆಗಳಾಗಿ ಆ ಬಾಟಲಿಗಳಿಗೇ ಹೋಗುತ್ತದೆ. ಬಕೆಟ್ಟಿನ ತಳದಲ್ಲಿ ನಲ್ಲಿ ಗಾಳಿಯನ್ನೂ ಎಳೆದುಕೊಳ್ಳುವುದರಿಂದ ಕೊನೆಯ ಬಾಟಲಿಗೂ ಇದೇ ಗತಿ. ಮೊದಲ ಅರ್ಧ ಲೋಟ ಬಿಯರನ್ನು ಹೊರಗೆ ಬಿಟ್ಟು ಕೊಳವೆ ತುಂಬಿಕೊಂಡ ಮೇಲೆ ಬಾಟಲಿಗೆ ಹಚ್ಚಿ, ಬಕೆಟ್ಟನ್ನು ಕೊನೆಯ ಹನಿಯವರೆಗೆ ಓರೆ ಮಾಡಬೇಡಿ. ಅಷ್ಟಾದರೂ ಮೊದಲ ಎರಡು ಮತ್ತು ಕೊನೆಯ ಎರಡು ಮುಚ್ಚಳಗಳಿಗೆ ಗುರುತು ಹಾಕಿಟ್ಟು, ಕಾರ್ಬನೇಷನ್ ಆದ ವಾರವೇ ಅವನ್ನು ಕುಡಿದು ಮುಗಿಸಿ.